ಮಿಲ್ ನಿಂತರೂ ನಿಲ್ಲದ ಸದ್ದು

ಮಧ್ಯಾಹ್ನ ಕರೆಂಟ್ ಹೋಗಿ ಮಿಲ್ ನಿಂತಿತು. ನನ್ನ ಬಲಗಿವಿಯೊಳಗಿನ ಸದ್ದು ನಿಲ್ಲಲಿಲ್ಲ.

ಕುಂಯ್ ಎಂದು ಸಣ್ಣಗೆ, ಒಂದೇ ಸಮನೆ. ಯಾವುದೋ ಮೋಟಾರ್ ಇನ್ನೂ ತಿರುಗುತ್ತಿದೆ ಎಂದುಕೊಂಡು ಎಲ್ಲ ಮಷೀನುಗಳನ್ನೂ ಒಂದು ಸುತ್ತು ನೋಡಿ ಬಂದೆ. ಯಾವುದೂ ಮಿಸುಕುತ್ತಿರಲಿಲ್ಲ. ಹಮಾಲರು ಚೀಲಗಳ ಮೇಲೆ ಕುಳಿತು ಬೀಡಿ ಹಚ್ಚಿದ್ದರು. ಅವರಲ್ಲೊಬ್ಬನನ್ನು ಕೇಳಿದೆ.

"ಏನರ ಸಪ್ಪಳ ಬರಾಕತ್ತೈತೇನೋ?"

"ಎಲ್ಲಿ ಸಪ್ಪಳಪಾ? ಕಾಗಿ ಒದರಾಕತ್ತೈತಿ, ಅಷ್ಟ."

ಬಲಗಿವಿಯನ್ನು ಅಂಗೈಯಿಂದ ಮುಚ್ಚಿ ನೋಡಿದೆ. ಸದ್ದು ಒಳಗೇ ಇತ್ತು.

ನಾನು ಮರಳಿ ಎಂಬ ಊರಿನ ಕಡೆಯ ಒಂದು ರೈಸ್ ಮಿಲ್ಲಿನಲ್ಲಿ ಆಪರೇಟರ್. ನಮ್ಮ ಕೆಲಸ ಅರ್ಧ ಕೈಯದು, ಅರ್ಧ ಕಿವಿಯದು. ಬೇರಿಂಗ್ ಒಣಗಿದರೆ ಮೊದಲು ಸದ್ದು ಬದಲಾಗುತ್ತದೆ, ಆಮೇಲೆ ಬಿಸಿಯಾಗುತ್ತದೆ, ಆಮೇಲೆ ಹೊಗೆ. ಹೊಗೆ ಬಂದ ಮೇಲೆ ಯಾರು ಬೇಕಾದರೂ ಹೇಳುತ್ತಾರೆ. ಸದ್ದಿನಲ್ಲೇ ಹಿಡಿಯುವವನಿಗೆ ಆಪರೇಟರ್ ಎನ್ನುತ್ತಾರೆ. ಅದಕ್ಕೆಂದೇ ಒಂದು ಕಬ್ಬಿಣದ ಸರಳು ಇಟ್ಟುಕೊಂಡಿರುತ್ತೇವೆ. ಒಂದು ತುದಿಯನ್ನು ಬೇರಿಂಗಿನ ಮೇಲೆ ಊರಿ, ಇನ್ನೊಂದನ್ನು ಕಿವಿಗೆ ಆನಿಸಿದರೆ ಒಳಗಿನದೆಲ್ಲ ಕೇಳುತ್ತದೆ. ನನಗೆ ರೂಢಿ ಬಲಗಿವಿ.

ಮಿಲ್ಲಿನವರು ಗದ್ದಲ ತಾಳಲಾರದೆ ಎರಡೂ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಡಿಗ್ರಿ ಓದುವ ಮಗಳು ಶಿಲ್ಪಾ ತನ್ನ ಹಳೆಯ ಇಯರ್‌ಬಡ್ಸ್ ಕೊಟ್ಟಳು. ವೈರ್ ಇಲ್ಲ, ತಿರುಗುವ ಬೆಲ್ಟಿಗೆ ಸಿಕ್ಕುವ ಭಯವಿಲ್ಲ. ಬಲಗಿವಿಗೆ ಒಂದನ್ನು ಸಿಕ್ಕಿಸಿದೆ, ಎಡಗಿವಿಗೆ ಎಂದಿನ ಹತ್ತಿಯೇ ಉಳಿಯಿತು. ಹತ್ತಿಯ ಜಾಗದಲ್ಲಿ ಭಜನೆ ಪದ ತುಂಬಿದರೆ ಗದ್ದಲ ಒಳಗೆ ಬರುವುದಿಲ್ಲ ಎಂದು ನನ್ನ ತಿಳಿವಳಿಕೆ. ಮಿಲ್ಲಿನ ಅಬ್ಬರವನ್ನು ಮೀರಿ ಪದ ಕೇಳಬೇಕಲ್ಲ, ವಾಲ್ಯೂಮ್ ಪೂರ್ತಿ ಏರಿಸುತ್ತಿದ್ದೆ. ಇಷ್ಟು ಜೋರು ಕಿವಿಗೆ ಒಳ್ಳೆಯದಲ್ಲ ಎಂದು ಫೋನೇ ಎಚ್ಚರಿಸುತ್ತಿತ್ತು. ಓಕೆ ಒತ್ತಿ ಮುಂದೆ ಹೋಗುತ್ತಿದ್ದೆ. ದೇವರ ಪದ ಏನು ಕೇಡು ಮಾಡೀತು?

ಮನೆಯಲ್ಲಿ ಹೆಂಡತಿ ಹುಲಿಗೆಮ್ಮ ಎದುರಿಗೇ ನಿಂತು ಕೇಳಿದಳು, "ಯಾಕ್ರಿ ಹಂಗ ಒದರಾಕತ್ತೀರಿ? ನಾ ಇಲ್ಲೇ ಅದೀನಲ್ಲ."

ನಾನು ಮೆಲ್ಲಗೇ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಕಿವಿಯ ಸದ್ದಿನ ವಿಷಯ ಹೇಳಿದೆ. ಅವಳು ಗಾಬರಿಯಾದದ್ದನ್ನು ತೋರಿಸಿಕೊಳ್ಳದೆ, "ಗಾಳಿ ಹೊಕ್ಕಿರಬೇಕು, ತಗೀರಿ" ಎಂದು ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಕಿವಿಗೆ ಬಿಟ್ಟಳು. ಸದ್ದು ಹೋಗಲಿಲ್ಲ, ಕಿವಿ ಮಾತ್ರ ಮುಚ್ಚಿದಂತಾಯಿತು. ಆಗ ನಿಜವಾಗಿ ಹೆದರಿದೆ. ಮಿಲ್ಲಿನಲ್ಲಿದ್ದಾಗ ಗದ್ದಲದ ಕೆಳಗೆ ಆ ಕುಂಯ್ ಮುಚ್ಚಿಹೋಗುತ್ತಿತ್ತು. ಮನೆಯಲ್ಲಿ, ಗುಡಿಯಲ್ಲಿ, ಹೊಲದ ಬದುವಿನ ಮೇಲೆ, ಎಲ್ಲೆಲ್ಲಿ ಸುಮ್ಮನೆ ಕೂರಬೇಕು ಅನಿಸುತ್ತದೋ ಅಲ್ಲಲ್ಲೇ ಎದ್ದು ನಿಲ್ಲುತ್ತಿತ್ತು. ಮಿಲ್ಲಿನ ಸಾವ್ಕಾರರಿಗೆ ಹೇಳಲು ಬಾಯಿ ಬರಲಿಲ್ಲ. ಬೇರಿಂಗ್ ಕೇಳದ ಆಪರೇಟರ್ ಯಾರಿಗೆ ಬೇಕು? ನನಗೆ ಬೇರೆ ಕೆಲಸ ಬರುವುದಿಲ್ಲ.

ಕೊಪ್ಪಳಕ್ಕೆ ಹೋದೆವು. ಇಎನ್‌ಟಿ ಡಾಕ್ಟರ್ ಮೇಡಮ್ಮನವರು ಮೊದಲು ಎಣ್ಣೆಗೆ ಬೈದು, ಕಿವಿ ಸ್ವಚ್ಛ ಮಾಡಿ, ಆಡಿಯೋಮೆಟ್ರಿಗೆ ಕಳಿಸಿದರು. ಸದ್ದು ಹೊಗದ ಸಣ್ಣ ಕೋಣೆ. ತಲೆಗೆ ಹೆಡ್‌ಫೋನ್, ಕೈಗೆ ಒಂದು ಬಟನ್. ಕೇಳಿದಾಗ ಒತ್ತಬೇಕು. ಬಾಗಿಲು ಹಾಕಿದರು. ಅಷ್ಟು ಮೌನ ನಾನು ಎಂದೂ ಕಂಡವನಲ್ಲ. ಅದರೊಳಗೆ ನನ್ನ ಕುಂಯ್ ಒಂದೇ.

ಒತ್ತಿದೆ. ಮತ್ತೆ ಒತ್ತಿದೆ.

ಟೆಸ್ಟ್ ಮಾಡುತ್ತಿದ್ದ ಹೆಣ್ಣುಮಗಳು ಬಾಗಿಲು ತೆಗೆದಳು. "ಯಜಮಾನ್ರ, ನಾ ಇನ್ನಾ ಸೌಂಡ್ ಹಾಕೇ ಇಲ್ರಿ."

ಹೊರಗಿನದು ಯಾವುದು, ನನ್ನದು ಯಾವುದು ಎಂಬುದೇ ತಿಳಿಯದಿದ್ದರೆ ಮುಂದೆ ಹೇಗೆ?

ಡಾಕ್ಟರ್ ರಿಪೋರ್ಟ್ ನೋಡಿ, ಇದಕ್ಕೆ ಟಿನಿಟಸ್ ಅಂತಾರೆ ಎಂದರು. ಬಲಗಿವಿಯ ಒಳಗಿನ ಸೂಕ್ಷ್ಮ ಭಾಗಕ್ಕೆ ಏಟು ಬಿದ್ದಿದೆ, ಎಡಗಿವಿ ಬಹಳ ಮಟ್ಟಿಗೆ ಉಳಿದಿದೆ.

"ಗದ್ದಲ ತಡಿಯಾಕ ಅದರ ಮ್ಯಾಲ ಇನ್ನೊಂದು ಗದ್ದಲ ಹಾಕೀರಿ ನೀವು. ಪದ ಕೇಳ್ರಿ, ಬ್ಯಾಡನ್ನಂಗಿಲ್ಲ. ಮನ್ಯಾಗ ಕೇಳ್ರಿ, ಅರ್ಧಕ್ಕಿಂತ ಮ್ಯಾಲ ಏರಿಸಬ್ಯಾಡ್ರಿ, ನಡುನಡುವ ತಗದು ಕಿವಿಗೆ ಆರಾಮ ಕೊಡ್ರಿ. ಬಾಜೂಕ ನಿಂತವರ ಮಾತು ಕೇಳವಲ್ದು ಅಂದ್ರ ಜೋರಾತು ಅಂತ ತಿಳಕೋರಿ. ಮಿಲ್ಲಿನಾಗ ಮಾತ್ರ ಹತ್ತಿನೂ ಸಾಲಂಗಿಲ್ಲ, ಕಿವಿ ಪೂರ್ತಿ ಮುಚ್ಚೋ ಇಯರ್‌ಮಫ್ ಹಾಕ್ರಿ."

"ಈ ಕುಂಯ್ ಹೋಗತೈತೇನ್ರಿ?"

"ಕಡಿಮಿ ಆಗಬಹುದು. ಪೂರ್ತಿ ಹೋಗತೈತಿ ಅಂತ ನಾ ಸುಳ್ಳು ಹೇಳಂಗಿಲ್ಲ. ಇದ್ದದ್ದನ್ನ ಉಳಿಸ್ಕೋರಿ."

ವಾಪಸ್ ಬರುವಾಗ ಬಸ್ಸಿನಲ್ಲಿ ಹಿಟ್ನಾಳದ ಹತ್ತಿರ ಹುಲಿಗೆಮ್ಮ ನನ್ನ ಕೈ ಹಿಡಿದುಕೊಂಡಳು. ಮಂದಿಯ ಮುಂದೆ ಹಾಗೆಲ್ಲ ಮಾಡುವವಳಲ್ಲ ಅವಳು.

ಮರುದಿನ ಮಿಲ್ಲಿಗೆ ಹೋದೆ. ಕೊಪ್ಪಳದಲ್ಲಿ ಕೊಂಡ ಇಯರ್‌ಮಫ್ ಕಿವಿಯಿಂದ ತೆಗೆದು, ಸರಳನ್ನು ದೊಡ್ಡ ಫ್ಯಾನಿನ ಬೇರಿಂಗಿಗೆ ಊರಿ, ರೂಢಿಯಂತೆ ಬಲಗಿವಿಗೆ ಆನಿಸಿದೆ.

ಕುಂಯ್. ಬೇರೇನೂ ಇಲ್ಲ.

ಸಾವ್ಕಾರರು ಆಚೆ ನಿಂತಿದ್ದರು. ಸರಳನ್ನು ಎಡಗಡೆಗೆ ಬದಲಿಸಿದೆ. ಎಡಗಿವಿಗೆ ಸರಳು ಹಿಡಿದು ಗೊತ್ತಿರಲಿಲ್ಲ, ಕೈ ತೊಡರಿತು. ಕಣ್ಣು ಮುಚ್ಚಿ ಹಿಡಿದೆ. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ, ಅಡಿಯಲ್ಲಿ, ಕರಕರ ಎಂದು ಉಸುಕು ಅಗಿದ ಹಾಗೆ ಕೇಳಿತು.

"ಸಾವ್ಕಾರ್ರ, ಫ್ಯಾನ್ ಬೇರಿಂಗ್ ಒಣಗೈತ್ರಿ. ಬಂದ್ ಮಾಡಬೇಕು."

ಬಿಚ್ಚಿಸಿದರು. ಒಳಗೆ ಗ್ರೀಸ್ ಸುಟ್ಟು ಕರ್ರಗಾಗಿತ್ತು. ನಾನು ಹೊರಗೆ ಹೋಗಿ ಭತ್ತದ ಚೀಲದ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಆ ಸಂಜೆಯೇ ಸಾವ್ಕಾರರಿಗೆ ಎಲ್ಲ ಹೇಳಿದೆ. "ಒಂದು ಕಿವಿ ಐತಲ್ಲ, ಸಾಕು ನಡಿ" ಎಂದರು. ಸಾಕು ಎನ್ನುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ದಿನಾ ಸರಳು ಹಿಡಿಯುವಾಗ ಇವತ್ತೂ ಕೇಳಲಪ್ಪ ಎಂದುಕೊಂಡೇ ಹಿಡಿಯುತ್ತೇನೆ.

ಆ ಸಂಜೆ ಮನೆಗೆ ಬಂದಾಗ ಹುಲಿಗೆಮ್ಮ ಬಾಗಿಲಲ್ಲೇ ಕೇಳಿದಳು, "ಕೇಳಿಸ್ತೇನ್ರಿ?"

"ಎಡಗಿವಿಗೆ ಕೇಳಿಸ್ತು."

ಮದುವೆಯಾದಾಗಿನಿಂದ ನಾನು ಊಟಕ್ಕೆ ಕೂತರೆ ಅವಳು ನನ್ನ ಬಲಕ್ಕೆ ಕೂತು ಬಡಿಸುವುದು ರೂಢಿ. ಅವತ್ತು ರೊಟ್ಟಿ ಬುಟ್ಟಿ, ಪಲ್ಯದ ಬೋಗುಣಿ ಎಲ್ಲ ಎತ್ತಿಕೊಂಡು ನನ್ನನ್ನು ಸುತ್ತಿ ಬಂದು ಎಡಕ್ಕೆ ಕೂತಳು.