ಆರ್ಡಿತ್‌ಳ ಹತ್ತು ನಿಮಿಷ

ಆರ್ಡಿತ್ ಕ್ಲೋಸ್ಟರ್‌ಮನ್ ಬಾಯಿ ಜೋರಿನ ಹೆಂಗಸು ಎನ್ನುವವರಿಗೆ ನಾನು ಹೇಳುವುದಿಷ್ಟೇ: ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನೋಡಿ, ಆಮೇಲೆ ಮಾತಾಡಿ. ಹಿಂದಿನ ಸೀಟಿನಲ್ಲಿ ಜಡೆ ಎಳೆದಾಡುವ ಮಕ್ಕಳನ್ನು ಸ್ಟೀರಿಂಗ್ ಬಿಡದೆ, ತಿರುಗಿಯೂ ನೋಡದೆ, ಬರೀ ದನಿಯಿಂದ ಕೂರಿಸಬೇಕು. ಆ ದನಿಯೇ ಕೊನೆಗೆ ಅವಳನ್ನು ರೇಡಿಯೋಗೆ ತಂದು ಬಿಟ್ಟಿತು.

ಅಯೋವಾ ರಾಜ್ಯದ ನಮ್ಮ ಹಾಲ್‌ಬೆಕ್ ಊರಿನ ರೇಡಿಯೋ ಎಂದರೆ ಜೋಳದ ಕಣಜದ ಪಕ್ಕದ ಎರಡು ಕೋಣೆ. ಯಜಮಾನ ಡ್ವೇನ್ ಸ್ಟ್ರೂವ್. ಬೆಳಿಗ್ಗೆ ಹವಾಮಾನ, ಹಂದಿಯ ಧಾರಣೆ, ಸತ್ತವರ ಸುದ್ದಿ. ಅದನ್ನು ಓದುವ ಹೆಂಗಸಿಗೆ ಗಂಟಲು ಕಟ್ಟಿದ ದಿನ ಆರ್ಡಿತ್ ಹೋಗಿ ಓದಿದಳು. ಓದಿ ಸುಮ್ಮನೆ ಎದ್ದು ಬರಬಹುದಿತ್ತು. ಆದರೆ ಟಿವಿಯಲ್ಲಿ ಯಾವನೋ ಪಂಡಿತ ಅಯೋವಾದ ಜನರ ಮನಸ್ಸಿನಲ್ಲೇನಿದೆ ಎಂದು ನ್ಯೂಯಾರ್ಕಿನಲ್ಲಿ ಕೂತು ಕೊರೆದದ್ದು ಅವಳಿಗಿನ್ನೂ ಮರೆತಿರಲಿಲ್ಲ, ಮೈಕು ಎದುರಿಗೇ ಇತ್ತು. ಹತ್ತು ನಿಮಿಷ ಅವನ ಚಳಿ ಬಿಡಿಸಿದಳು. ಊರಿನವರು ಫೋನ್ ಮಾಡಿ ನಾಳೆಯೂ ಇದೆಯಾ ಎಂದು ಕೇಳಿದರು. ಅಂದಿನಿಂದ ಹಂದಿಯ ಧಾರಣೆ ಮುಗಿದ ಮೇಲಿನ ಹತ್ತು ನಿಮಿಷ ಅವಳದಾಯಿತು.

ಗಂಡ ಹಾರ್ಲನ್ ಇದ್ದಾಗ ಮನೆಯಲ್ಲಿ ಮಾತೆಲ್ಲ ಅವನದೇ. ಅವನು ಹೋದ ಮೇಲೆ ಆರ್ಡಿತ್ ಸ್ವಲ್ಪ ದಿನ ಮಂಕಾಗಿದ್ದದ್ದು ನಿಜ. ನನ್ನದು ಮುಖ್ಯರಸ್ತೆಯಲ್ಲಿ ಕೂದಲಿನ ಸಲೂನು. ಊರಿನ ಹೆಂಗಸರ ತಲೆಯೊಳಗಿನದೂ ನನಗೆ ಗೊತ್ತು, ಹೊರಗಿನದೂ ಗೊತ್ತು. ಬಣ್ಣ ಹಚ್ಚಿಸಿಕೊಳ್ಳುತ್ತ ಕೂತು ಒಮ್ಮೆ ಅವಳೇ ಹೇಳಿದಳು, "ಜೊಲೀನ್, ಆ ಹತ್ತು ನಿಮಿಷ ಇಲ್ದಿದ್ರೆ ನಾನು ಯಾಕೆ ಏಳ್ಬೇಕು ಬೆಳಿಗ್ಗೆ ಅಂತಲೇ ಗೊತ್ತಾಗಲ್ಲ ಕಣೇ." ನಾನು ಬ್ರಷ್ಷು ಆಡಿಸುತ್ತಲೇ ಇದ್ದೆ.

ಅಧ್ಯಕ್ಷರ ಚುನಾವಣೆಯ ವರ್ಷ ಬಂದರೆ ಅವಳಿಗೆ ಹಬ್ಬ. ಯಾರನ್ನೂ ಬಿಡುತ್ತಿರಲಿಲ್ಲ. ಈ ಸಲ ಅಧ್ಯಕ್ಷಗಿರಿಗೆ ನಿಂತಿದ್ದ ಸೆನೆಟರ್ ಹ್ಯಾಲೊರನ್ ಎಂಬ ಮಹಾಶಯ ಎಲ್ಲ ಟಿವಿಗಳ ಮುದ್ದಿನ ಮಗ. ಅವನ ನಗುವಿನ ಮೇಲೇ ಅರ್ಧ ಗಂಟೆ ಚರ್ಚೆ ನಡೆಸಿದವರುಂಟು. ಹಲ್ಲು ನೋಡಿ ಆರಿಸುವುದಾದರೆ ನಮ್ಮೂರಿನ ದಂತವೈದ್ಯನನ್ನೇ ನಿಲ್ಲಿಸೋಣ, ಅವನ ಹತ್ತಿರ ಇಡೀ ಪೆಟ್ಟಿಗೆಯೇ ಇದೆ ಎಂದಳು ಆರ್ಡಿತ್. ಹ್ಯಾಲೊರನ್ ನಮ್ಮೂರಿಗೆ ಬಂದು, ಕಾಫಿ ಲೋಟ ಹಿಡಿದು ಫೋಟೋ ತೆಗೆಸಿಕೊಂಡು, ಲೋಟ ತುಂಬಿದ್ದಂತೆಯೇ ಇಟ್ಟು ಹೋಗಿದ್ದ. ನಮ್ಮಲ್ಲಿ ಅದು ಸಣ್ಣ ವಿಷಯವಲ್ಲ.

ನಿಂತವರಲ್ಲಿ ಅವಳು ಮೆಚ್ಚಿದ್ದು ಗವರ್ನರ್ ರೈಸ್‌ಡಾಲ್ ಎಂಬ ಹೆಂಗಸನ್ನು. ಜನವರಿಯಲ್ಲಿ ಆ ಗವರ್ನರ್ ನಮ್ಮ ಗ್ರಂಥಾಲಯದ ಮುಂದೆ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದರು. ಟಿವಿಯವರಿಗೆ ಬೆಲ್ಲ ಸಿಕ್ಕಂತಾಯಿತು. ಬೆಳಿಗ್ಗೆ ಬೀಳಿಸಿದರು, ಮಧ್ಯಾಹ್ನ ಬೀಳಿಸಿದರು, ಸಂಜೆ ನಿಧಾನಗತಿಯಲ್ಲಿ ಬೀಳಿಸಿದರು. ಕೊನೆಗೆ ಇವರ ಕಥೆ ಮುಗಿಯಿತು ಎಂದು ಷರಾ ಬರೆದು ಮುಂದಕ್ಕೆ ಹೋದರು. ಮರುದಿನ ಆರ್ಡಿತ್‌ಳ ದನಿ ಕೇಳಿ ನನ್ನ ಸಲೂನಿನಲ್ಲಿ ಕತ್ತರಿ ನಿಂತಿತು.

"ಜನವರೀಲಿ ಬೀಳದವರು ಅಯೋವಾದವರೇ ಅಲ್ಲ. ಬಿದ್ದೋಳು ಎದ್ದು, ಕೋಟು ಕೊಡವಿಕೊಂಡು, ಒಳಗೆ ಬಂದು ಒಂದು ಗಂಟೆ ನಮ್ಮ ಪ್ರಶ್ನೆಗೆ ಉತ್ತರ ಹೇಳಿದ್ಲು. ಬಿದ್ದಿದ್ದು ತೋರ್ಸಿದ್ರಿ. ಆ ಒಂದು ಗಂಟೆ ಎಲ್ಲಿಟ್ಟಿದ್ದೀರಿ, ಟಿವಿ ಸ್ವಾಮಿಗಳೇ?"

ಅಷ್ಟಕ್ಕೆ ನಿಲ್ಲಿಸಿದ್ದರೆ ಎಲ್ಲ ಸರಿಯಿತ್ತು. ಬಿಸಿಯಲ್ಲಿ ಇನ್ನೊಂದು ಮಾತೂ ಜಾರಿತು. ಪಕ್ಷದ ಹುರಿಯಾಳನ್ನು ಆರಿಸಲು ಹಾಲ್‌ಬೆಕ್‌ನಲ್ಲಿ ಸೇರುವ ಸಭೆಯಲ್ಲಿ, ಅದೇ ಕಾಕಸ್‌ನಲ್ಲಿ, ಗವರ್ನರ್ ಪರ ಲೆಕ್ಕಕ್ಕೆ ಬರುವಷ್ಟು ಜನ ನಿಲ್ಲುತ್ತಾರೆ, ನಿಲ್ಲದಿದ್ದರೆ ತಾನು ಈ ಮೈಕಿನ ಮುಂದೆ ಮತ್ತೆ ಕೂರುವುದಿಲ್ಲ ಎಂದುಬಿಟ್ಟಳು. ಡ್ವೇನ್ ಬಹಳ ದಿನದಿಂದ ಇದಕ್ಕೇ ಕಾಯುತ್ತಿದ್ದ. ಷಿಕಾಗೋದ ಯಾವುದೋ ಸಿದ್ಧ ಕಾರ್ಯಕ್ರಮವನ್ನು ಆ ಹೊತ್ತಿಗೆ ಹಾಕಿಕೊಂಡರೆ ಅವನಿಗೆ ತಲೆನೋವಿಲ್ಲ, ಯಾರ ದೂರೂ ಇಲ್ಲ. ಮಾತು ಅಂದರೆ ಮಾತು ಎಂದು ಅವನು ಅವಳ ಕೈ ಕುಲುಕಿದನಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ಅವಳ ಮೇಲೂ ಉರಿಯಿತು.

ಕಾಕಸ್‌ನ ಸಂಜೆ ಶಾಲೆಯ ಆಟದ ಹಾಲ್‌ನಲ್ಲಿ ಸೇರಿದೆವು. ಒಂದು ಮೇಜಿನ ಮೇಲೆ ಕಾಫಿ, ಹ್ಯಾಮ್ ಸ್ಯಾಂಡ್‌ವಿಚ್ಚು, ಕಡಲೆಕಾಯಿ ಬೆಣ್ಣೆಯ ಸಿಹಿ ಬಾರ್‌ಗಳು. ನಮ್ಮ ಪಕ್ಷದಲ್ಲಿ ಚೀಟಿ, ಪೆಟ್ಟಿಗೆ ಯಾವುದೂ ಇಲ್ಲ; ಮೆಚ್ಚಿದವರ ಮೂಲೆಗೆ ಹೋಗಿ ಎಲ್ಲರ ಕಣ್ಣೆದುರು ನಿಲ್ಲಬೇಕು. ಬಂದವರಲ್ಲಿ ನೂರಕ್ಕೆ ಹದಿನೈದರಷ್ಟು ಜನ ಇಲ್ಲದ ಮೂಲೆ ಲೆಕ್ಕಕ್ಕಿಲ್ಲ. ಮೊದಲ ಎಣಿಕೆಯಾದ ಮೇಲೆ ಸ್ವಲ್ಪ ಸಮಯ ಕೊಡುತ್ತೇವೆ; ಅಷ್ಟರಲ್ಲಿ ಅಲ್ಲಿದ್ದವರು ಬೇರೆ ಮೂಲೆಗೆ ಹೋಗಬಹುದು, ಇಲ್ಲವೇ ಬೇರೆಯವರನ್ನು ತಮ್ಮ ಕಡೆಗೆ ಒಲಿಸಿಕೊಳ್ಳಬಹುದು. ತಲೆ ಎಣಿಸುವವಳು ನಾನು. ಎಣಿಸುವವಳು ಯಾರ ಪರವಾಗಿಯೂ ತುಟಿ ಬಿಚ್ಚುವಂತಿಲ್ಲ, ಅದು ನನ್ನ ಪಾಲಿನ ಶಿಕ್ಷೆ.

ಬಂದವರು ಎಂಬತ್ತು, ಬೇಕಾದವರು ಹನ್ನೆರಡು. ಆರ್ಡಿತ್‌ಗೆ ಖಾತ್ರಿ ಹನ್ನೆರಡು ಜನರಿದ್ದರು. ತಿಂಗಳಿಂದ ಒಬ್ಬೊಬ್ಬರ ಅಡುಗೆಮನೆಯಲ್ಲೂ ಕೂತು ಬಂದಿದ್ದಳು. ನಾನು ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ. ಹನ್ನೊಂದೇ.

ಇಲ್ಲದವಳು ಕ್ಲಾರಿಸ್, ಚರ್ಚಿನಲ್ಲಿ ಆರ್ಗನ್ ನುಡಿಸುವವಳು, ಆರ್ಡಿತ್‌ಳ ಪಕ್ಕದ ಮನೆಯವಳು. ಅವಳು ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಮರ್ವಿನ್ ಟ್ವೀಟನ್ ಪಕ್ಕದಲ್ಲಿ ನಿಂತಿದ್ದಳು. ಮರ್ವಿನ್ ಹಾಲಿನ ಡೇರಿಯಲ್ಲಿ ದುಡಿದು ನಿವೃತ್ತನಾದವನು. ಅಧ್ಯಕ್ಷಗಿರಿಗೆ ನಿಂತಿದ್ದ ಪಾಮ್‌ಕ್ವಿಸ್ಟ್ ಎಂಬ ಹಳೆಯ ರೈಲ್ವೆ ಕಾರ್ಮಿಕ ನಾಯಕನ ಹೆಸರಿನ ಹಲಗೆ ಹಿಡಿದು ನಿಂತಿದ್ದ ಒಬ್ಬನೇ ಒಬ್ಬ ಅವನು. ಅವನು ಒಂಟಿಯಾಗಿ ನಿಂತದ್ದನ್ನು ಕ್ಲಾರಿಸ್‌ಗೆ ನೋಡಲಾಗಲಿಲ್ಲ. ಎಣಿಕೆ ಮುಗಿಯುವವರೆಗೆ ಜೊತೆಗೆ ಇರೋಣವೆಂದು ಹೋಗಿದ್ದಳು. ನೋಡಿ, ಇಂಥ ತಪ್ಪು ನಮ್ಮೂರಿನವರು ಮಾತ್ರ ಮಾಡಬಲ್ಲರು. ಅಧ್ಯಕ್ಷ ಯಾರಾದರೂ ಆಗಲಿ, ಎದುರಿಗಿರುವವನಿಗೆ ಬೇಜಾರಾಗಬಾರದು.

ಆರ್ಡಿತ್ ಓಡಿ ಹೋಗಿ ಬಾರೇ ಎಂದು ಕರೆದಳು. ಕ್ಲಾರಿಸ್ ಕಣ್ಣಲ್ಲಿ ನೀರು.

"ಈಗ ಬಿಟ್ಟು ಬಂದ್ರೆ ಇನ್ನೂ ಕೆಟ್ಟದಾಗುತ್ತೆ ಕಣೇ. ಅನ್ನಕ್ಕೆ ಕೂರಿಸಿ ತಟ್ಟೆ ಎತ್ತಿದ ಹಾಗೆ. ಇವನೂ ಬಂದ್ರೆ ಬರ್ತೀನಿ."

ಅಷ್ಟರಲ್ಲಿ ಟಿವಿಯ ಒಬ್ಬ ಉದ್ದ ಕೋಟಿನವನು ವಾಸನೆ ಹಿಡಿದು ಬಂದ. ಗವರ್ನರ್ ಬಿದ್ದ ಊರಿನಲ್ಲೇ ಗವರ್ನರ್‌ರ ಮೂಲೆಯೂ ಬಿತ್ತು ಎಂದು ಕ್ಯಾಮೆರಾಕ್ಕೆ ಆಗಲೇ ಹೇಳಿಯೂ ಆಗಿತ್ತು. ಟಿವಿಯವರಿಗೆಂದು ಕಟ್ಟಿದ್ದ ಹಗ್ಗದಿಂದಾಚೆ ನಿಲ್ಲಪ್ಪ ಎಂದು ನಾನು ಅವನಿಗೆ ಗದರಿದೆ. ಅದಕ್ಕೆ ಮಾತ್ರ ನನಗೆ ಅಧಿಕಾರವಿತ್ತು, ಪೂರ್ತಿ ಬಳಸಿಕೊಂಡೆ. ಬಾಗಿಲ ಹತ್ತಿರ ಡ್ವೇನ್ ಸಿಹಿ ಬಾರ್ ತಿನ್ನುತ್ತ ನಿಂತಿದ್ದ. ಅವನ ಮುಖದ ಮೇಲಿನ ಗೆದ್ದ ಕಳೆಯನ್ನು ನಾನು ಇನ್ನೂ ಮರೆತಿಲ್ಲ.

ಆರ್ಡಿತ್ ಮರ್ವಿನ್‌ನತ್ತ ತಿರುಗಿದಳು. ಅವನು ಬೇಸಿಗೆಯಿಂದ ಅವಳೊಂದಿಗೆ ಮಾತು ಬಿಟ್ಟಿದ್ದ. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ, ಕೇಳಲು ಬಿಗುಮಾನ. ಈಗ ಕೇಳಿದಳು. ಮರ್ವಿನ್ ಹಲಗೆಯನ್ನು ನೋಡುತ್ತ ಮಾತಾಡಿದ.

"ಟಿವಿಯವರು ನಿಮ್ಮ ಗವರ್ನರು ಬಿದ್ದದ್ದನ್ನಾದ್ರೂ ತೋರ್ಸಿದ್ರು. ನನ್ನವನ ಹೆಸರು ಅವರೂ ಹೇಳ್ಲಿಲ್ಲ, ನೀನೂ ಹೇಳ್ಲಿಲ್ಲ. ವರ್ಷ ಪೂರ್ತಿ, ದಿನಾ ಬೆಳಿಗ್ಗೆ ರೇಡಿಯೋ ಹತ್ರ ಕೂತು ಕಾದೆ, ಆರ್ಡಿತ್. ಬೈದಿದ್ರೂ ಸಾಕಿತ್ತು."

ಅವಳ ಮುಖ ಕೆಂಪಾದದ್ದನ್ನು ನಾನು ನೋಡಿದೆ. ಅವಳನ್ನು ಬಲ್ಲವಳು ನಾನು. ಇಂಥ ಮಾತಿಗೆ ಅವಳ ಬಳಿ ನೂರು ಉತ್ತರಗಳಿರುತ್ತಿದ್ದವು. ಗೆಲ್ಲುವ ಅವಕಾಶವೇ ಇಲ್ಲದವನ ಮೇಲೆ ಸಮಯ ಯಾಕೆ ಹಾಳುಮಾಡಬೇಕು ಎನ್ನಬಹುದಿತ್ತು. ಆದರೆ ಟಿವಿಯವರೂ ಗವರ್ನರ್ ವಿಷಯದಲ್ಲಿ ಹೇಳಿದ್ದು ಅದನ್ನೇ. ಅದು ಅವಳಿಗೂ ಹೊಳೆದಿರಬೇಕು.

"ತಪ್ಪಾಯ್ತು ಮರ್ವಿನ್," ಎಂದಳು, ಬಸ್ಸಿನ ದನಿಯಲ್ಲೇ, ಅಲ್ಲಿದ್ದವರಿಗೆಲ್ಲ ಕೇಳುವಂತೆ. "ಟಿವಿಯವರಿಗೆ ಯಾವುದಕ್ಕೆ ಬೈತಿದ್ನೋ ಅದನ್ನೇ ನಾನು ನಿನಗೆ ಮಾಡಿದೆ."

ಆಮೇಲೆ ಅವನನ್ನು ಬಾ ಎಂದು ಕರೆಯಲಿಲ್ಲ. ನಾನು ಕೊಟ್ಟಿದ್ದ ಸಮಯ ಕರಗುತ್ತಿತ್ತು, ಅವಳ ಮೈಕು ಕೈತಪ್ಪುತ್ತಿತ್ತು, ಆದರೂ ಅವಳು ಒಂದು ಕುರ್ಚಿ ಎಳೆದುಕೊಂಡು ಅವನೆದುರು ಕೂತು, ನಿನ್ನವನು ಏನು ಹೇಳುತ್ತಾನೆ ಹೇಳು, ಕೇಳುತ್ತೇನೆ ಎಂದಳು. ಮರ್ವಿನ್ ಹೇಳಿದ. ಮೊದಲು ತೊದಲಿದ, ಆಮೇಲೆ ಸರಾಗವಾಯಿತು. ನಮ್ಮ ಆಸ್ಪತ್ರೆಯ ಹೆರಿಗೆ ವಾರ್ಡು ಮುಚ್ಚಿ, ಅವನ ಮೊಮ್ಮಗಳು ಹಿಮದ ಹೆದ್ದಾರಿಯಲ್ಲಿ ಪಿಕಪ್ ಟ್ರಕ್ಕಿನೊಳಗೆ ಹುಟ್ಟಿದ್ದನ್ನು ಹೇಳಿದ. ಊರೂರಿನ ಸಣ್ಣ ಆಸ್ಪತ್ರೆಗಳನ್ನು ಮತ್ತೆ ತೆರೆಸುವುದನ್ನೇ ಪಾಮ್‌ಕ್ವಿಸ್ಟ್ ಮೊದಲ ಕೆಲಸ ಎಂದಿದ್ದಾನೆ, ಉಳಿದವರಾರೂ ಅದನ್ನು ಎತ್ತಿಲ್ಲ ಎಂದ. ಹ್ಯಾಲೊರನ್‌ನ ಮೂಲೆಯವರೂ ಹತ್ತಿರ ಬಂದು ಕೇಳುತ್ತಿದ್ದರು.

ಗವರ್ನರ್ ಅದನ್ನು ಮಾಡಿಸುತ್ತಾಳಾ ಎಂದು ಕೊನೆಗೆ ಮರ್ವಿನ್ ನೇರವಾಗಿ ಕೇಳಿದ. ಮಾಡಿಸುತ್ತಾಳೆ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಗೊತ್ತಿಲ್ಲ," ಎಂದಳು ಆರ್ಡಿತ್. "ಗ್ರಂಥಾಲಯದಲ್ಲಿ ಯಾರೋ ಕೇಳ್ದಾಗ ನೋಡೋಣ ಅಂದ್ಲು, ಅಷ್ಟೇ. ನನ್ನ ಮೈಕು ಉಳೀಲಿ ಅಂತ ನೀನು ಬರೋದಾದ್ರೆ ಬರ್ಬೇಡ. ಆದ್ರೆ ನನ್ನ ಹತ್ರ ಮೈಕು ಇರೋವರೆಗೂ ಅವಳು ಇದಕ್ಕೆ ಉತ್ತರ ಹೇಳದೆ ತಪ್ಪಿಸ್ಕೊಳ್ಳೋಕೆ ನಾನು ಬಿಡಲ್ಲ."

ಮರ್ವಿನ್ ಹಲಗೆಯನ್ನು ಗೋಡೆಗೆ ಒರಗಿಸಿದ. ಕ್ಲಾರಿಸ್‌ಗೆ ನಡೀ ಎಂದ. ಇಬ್ಬರೂ ಹಾಲ್ ದಾಟಿ ಗವರ್ನರ್‌ರ ಮೂಲೆಗೆ ಹೋಗಿ ನಿಂತರು. ನಾನು ಎಣಿಸಿದೆ. ಹದಿಮೂರು. ಯಾರ ಪರವೂ ಇಲ್ಲದವಳು ನಾನು, ಆದರೂ ಆ ಹದಿಮೂರನ್ನು ಬೀದಿಗೂ ಕೇಳುವಂತೆ ಕೂಗಿ ಹೇಳಿದೆ. ಕೇಕೆ, ಚಪ್ಪಾಳೆ, ಸೋತವರದೂ ಸೇರಿ. ಕ್ಲಾರಿಸ್ ಮರ್ವಿನ್‌ನ ತೋಳು ಹಿಡಿದು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಉದ್ದ ಕೋಟಿನವನು ತಾನು ಹೇಳಿದ್ದನ್ನು ಅಳಿಸಿ ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಮೂರು ಸಲ ತಪ್ಪಿದ. ನಾನು ಕಾಫಿ ಹಿಡಿದು ನಿಂತು ಮೂರನ್ನೂ ನೋಡಿ ಸಂತೋಷಪಟ್ಟೆ.

ನಮ್ಮಂಥ ಇನ್ನೂ ಎಷ್ಟೋ ಊರುಗಳಲ್ಲಿ ಹೀಗೇ ಆಗಿತ್ತೆಂದು ಆಮೇಲೆ ಗೊತ್ತಾಯಿತು. ಮುಗಿದ ಕಥೆ ಎನಿಸಿಕೊಂಡ ಗವರ್ನರ್ ರಾಜ್ಯದಲ್ಲಿ ಎರಡನೆಯ ಸ್ಥಾನಕ್ಕೆ ಬಂದು, ಅದೇ ರಾತ್ರಿ ರಾಜಧಾನಿಯ ಹೋಟೆಲಿನಲ್ಲಿ ಗೆದ್ದವರಂತೆಯೇ ಭಾಷಣ ಮಾಡಿದರು. ಊರೆಲ್ಲ ಟಿವಿಯ ಮುಂದೆ ಕೂತು ಕೇಳಿತು. ಆರ್ಡಿತ್ ನನ್ನ ಮನೆಯ ಸೋಫಾದಲ್ಲಿ ಕೂತು, ಕೈ ಕಟ್ಟಿಕೊಂಡು, ಕೊನೆಯವರೆಗೂ ಕೇಳಿದಳು.

ಮರುದಿನ ಬೆಳಿಗ್ಗೆ ಸಲೂನು ಕಿಕ್ಕಿರಿದಿತ್ತು. ಕೂದಲಿಗೆ ಬಂದವರು ಇಬ್ಬರೇ, ಉಳಿದವರೆಲ್ಲ ರೇಡಿಯೋಗೆ ಬಂದವರು. ಅವಳು ಗವರ್ನರ್‌ರನ್ನು ಹಾಡಿ ಹೊಗಳುತ್ತಾಳೆಂದು ಎಲ್ಲರೂ ಕಾದಿದ್ದೆವು. ಅವಳಿಗೆ ಆ ಹಕ್ಕಿತ್ತು. ಹಂದಿಯ ಧಾರಣೆ ಮುಗಿಯಿತು. ಆರ್ಡಿತ್ ಮೊದಲು ಪಾಮ್‌ಕ್ವಿಸ್ಟ್ ಎಂಬ ಹೆಸರನ್ನು ಹೇಳಿ, ಅವನು ಯಾರು, ಏನು ಹೇಳುತ್ತಾನೆ ಎಂಬುದನ್ನೆಲ್ಲ ನಿಧಾನವಾಗಿ ಬಿಡಿಸಿ ಹೇಳಿದಳು. ಆಮೇಲೆ ಗವರ್ನರ್‌ರತ್ತ ತಿರುಗಿದಳು.

"ಗವರ್ನರ್ ಮೇಡಂ, ಶುಭಾಶಯ. ನಿನ್ನೆ ನಿಮ್ಮ ಭಾಷಣ ಪೂರ್ತಿ ಕೇಳ್ದೆ. ಎಲ್ಲರಿಗೂ ಥ್ಯಾಂಕ್ಸ್ ಹೇಳಿದ್ರಿ, ನಿಮ್ಮ ನಾಯಿಗೂ ಹೇಳಿದ್ರಿ. ಹೆರಿಗೆ ವಾರ್ಡಿನ ಬಗ್ಗೆ ಒಂದು ಮಾತಿಲ್ಲ. ನಾನು ನಾಳೇನೂ ಇಲ್ಲೇ ಇರ್ತೀನಿ, ನಾಡಿದ್ದೂ ಇರ್ತೀನಿ. ಉತ್ತರ ಸಿಗೋವರೆಗೂ ಕೇಳ್ತಾ ಇರ್ತೀನಿ."