ಫೈಕಸ್ ಮರದ ಕ್ಷೌರ

ಡೊಂಬಿವಲಿಯ ನಮ್ಮ ಹಳೆಯ ಮನೆಯ ಗ್ಯಾಲರಿಯಲ್ಲಿ, ಎಂದರೆ ಗ್ರಿಲ್ಲು ಹೊದ್ದ ಬಾಲ್ಕನಿಯಲ್ಲಿ, ಮಧ್ಯಾಹ್ನದ ಬಣ್ಣ ಹಸಿರಾಗಿತ್ತು. ಹೋಟೆಲಿನಿಂದ ತಂದ ಖಾಲಿ ಎಣ್ಣೆ ಡಬ್ಬದಲ್ಲಿ ನನ್ನ ಹೆಂಡತಿ ನೆಟ್ಟ ಫೈಕಸ್ ಸಸಿ ಕಾಲಕ್ರಮದಲ್ಲಿ ಡ್ರಮ್ಮಿಗೆ ಬಡ್ತಿ ಪಡೆಯಿತು. ಆಮೇಲೆ ಸೀಲಿಂಗಿಗೆ ತಲೆ ತಾಗಿಸಿ, ಕಿಟಕಿಯ ಗ್ರಿಲ್ಲಿನಿಂದ ಹೊರಗೆ ಕೈ ಚಾಚಿತು. ಊಟವಾದ ಮೇಲೆ ಅದರ ಬುಡದಲ್ಲಿ ಚಾಪೆ ಹಾಸಿ ಮಲಗಿದರೆ ಬಿಸಿಲು ಎಲೆಗಳಲ್ಲಿ ಸೋಸಿಕೊಂಡು ಬಂದು ಮುಖದ ಮೇಲೆ ನೀರಿನ ಹಾಗೆ ಅಲುಗುತ್ತಿತ್ತು. ದೂರದಲ್ಲಿ ಲೋಕಲ್ ಗಾಡಿಗಳು ಜನರನ್ನು ಹೇರಿಕೊಂಡು ಮುಂಬಯಿಗೆ ಹೋಗುತ್ತಿದ್ದವು. ನಾನು ಮಾತ್ರ ಕೆರೆಯ ತಳದ ಮೀನು. ನಿವೃತ್ತ ಮೀನು.

ಮರ ಒಂದು ಅತಿಕ್ರಮಣವನ್ನೂ ಮಾಡಿತ್ತು. ಗ್ರಿಲ್ಲಿನ ಒಂದು ಸರಳನ್ನು ಅದರ ಕಾಂಡ ನಿಧಾನವಾಗಿ ನುಂಗಿಬಿಟ್ಟಿತ್ತು.

ಎದುರು ಬಾಗಿಲಿನ ಮನೆಯಾಕೆ ವಿಜಯಪುರದ ಕಡೆಯವಳು. ಜ್ಯೇಷ್ಠದ ಹುಣ್ಣಿಮೆಗೆ ಆಲದ ಮರಕ್ಕೆ ನೂಲು ಸುತ್ತಿ ಗಂಡನ ಆಯುಷ್ಯ ಬೇಡುವುದು ಅವಳ ತವರಿನ ಪದ್ಧತಿ. ಮದುವೆಯಾಗಿ ಬಂದ ಮೊದಲ ವರ್ಷ ಅವಳಿಗೆ ಆಲದ ಮರ ಸಿಗಲಿಲ್ಲ. ಸ್ಟೇಷನ್ನಿನ ಹೊರಗೆ ಆಲದ ಕೊಂಬೆ ಮಾರಾಟಕ್ಕಿತ್ತು, ಆದರೆ ಅವಳಿಗೆ ಸಂಶಯ.

"ಕಡದ ಟೊಂಗಿಗೆ ನೂಲು ಸುತ್ತಿ ಆಯುಷ್ಯ ಬೇಡೂದಂದ್ರ ಹೆಂಗ್ರಿ ಕಾಕಾ?"

ನಾನು ಮಠಾಧಿಪತಿಯ ಗಾಂಭೀರ್ಯದಲ್ಲಿ ತೀರ್ಪು ಕೊಟ್ಟೆ: ಫೈಕಸ್ ಆಲದ ದಾಯಾದಿ, ಗಾಯವಾದರೆ ಅದಕ್ಕೂ ಹಾಲು ಸುರಿಯುತ್ತದೆ, ಆದಕಾರಣ ನಡೆಯುತ್ತದೆ. ಅಂದಿನಿಂದ ಪ್ರತಿ ವರ್ಷ ನಮ್ಮ ಗ್ಯಾಲರಿ ಪುಣ್ಯಕ್ಷೇತ್ರವಾಯಿತು. ಡ್ರಮ್ಮು ಗೋಡೆಗೆ ಒತ್ತಿಕೊಂಡಿದ್ದರಿಂದ ಪ್ರದಕ್ಷಿಣೆ ಅಸಾಧ್ಯ. ಅವಳು ನಿಂತಲ್ಲಿಂದಲೇ ನೂಲಿನ ಉಂಡೆಯನ್ನು ಕಾಂಡದ ಹಿಂದಕ್ಕೆ ದಾಟಿಸುತ್ತಿದ್ದಳು, ನನ್ನ ಹೆಂಡತಿ ಆಚೆಯಿಂದ ಹಿಡಿದು ಮರಳಿಸುತ್ತಿದ್ದಳು. ಉಡುಪಿಯ ಕಡೆಯ ನಮ್ಮಲ್ಲಿ ಈ ವ್ರತವಿಲ್ಲ. ಆದರೂ ನೂಲು ಮಿಕ್ಕಿದರೆ ನನ್ನ ಹೆಸರಿಗೆ ಒಂದು ಸುತ್ತು. ಮಿಕ್ಕಿದ ನೂಲಿನ ಬಲದಿಂದಲೇ ನಾನು ಇಷ್ಟು ದೂರ ಬಂದಿರುವುದು.

ಮೊನ್ನೆ ಮೊನ್ನೆ ನಮ್ಮ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಹಳೆಯದನ್ನು ಒಡೆದು ಹೊಸದನ್ನು ಕಟ್ಟುವವರೆಗೆ ಎಲ್ಲರೂ ಬಾಡಿಗೆ ಮನೆಗೆ ಹೋಗಬೇಕು. ನಮಗೆ ಐರೋಲಿಯಲ್ಲಿ ಮನೆ ಸಿಕ್ಕಿತು, ಎದುರು ಮನೆಯವರಿಗೆ ಠಾಣೆಯಲ್ಲಿ. ಅದೇ ಸಮಯಕ್ಕೆ ಅವಳ ಗಂಡನಿಗೆ, ಮಹಾಪೆಯಲ್ಲಿ ನೌಕರಿ ಮಾಡುವ ಮಿತಭಾಷಿಗೆ, ಹೃದಯದ ಆಪರೇಷನ್ ನಿಶ್ಚಯವಾಯಿತು. ಮನೆ ಖಾಲಿ ಮಾಡಿದ ಮರುವಾರವೇ.

ಮರವನ್ನು ಬಿಡಿಸಿ ಜೊತೆಗೆ ಒಯ್ಯಲೆಂದು ನಾನು ಕತ್ತಿ ಮಸೆಯುವುದನ್ನು ಕಂಡು ಅವಳು ಬಾಗಿಲಲ್ಲೇ ನಿಂತಳು.

"ಕಾಕಾ, ಇವ್ರ ಆಪರೇಷನ್ ಮುಗಿಯೂತನಕ ಗಿಡಕ್ಕ ಕೈ ಹಚ್ಚಬ್ಯಾಡ್ರಿ. ಇಷ್ಟು ವರ್ಷ ನೂಲು ಸುತ್ತೀನಿ."

ಅವಳ ಕಣ್ಣು ತುಂಬಿತ್ತು. ನಾನು ಸರಳು ನುಂಗಿದ ಜಾಗವನ್ನು ತೋರಿಸಿದೆ. ನೂಲೆಲ್ಲ ಇದ್ದದ್ದು ಅದರ ಕೆಳಗೆ. ಕಾಂಡವನ್ನು ಅಲ್ಲಿ ಕಡಿದರೆ ಮರದ ಕಥೆ ಮುಗಿದಂತೆ. ಕಡಿಯದಿದ್ದರೆ ಅದು ಕಟ್ಟಡದ ಜೊತೆ ಮಣ್ಣಾಗುತ್ತದೆ. ಮೂವರೂ ಚಿಂತಾಕ್ರಾಂತರಾಗಿ ನಿಂತೆವು. ಹೆಂಡತಿ ಒಮ್ಮೆಲೇ ಹಣೆ ಚಚ್ಚಿಕೊಂಡಳು.

"ಇಡೀ ಬಿಲ್ಡಿಂಗೇ ಒಡೀತಾರೆ ಮಾರಾಯ್ರೆ, ಗ್ರಿಲ್ಲಿಗೆ ಎಂತ ಮರ್ಯಾದೆ? ಗ್ರಿಲ್ಲನ್ನೇ ಕೊಯ್ಯಿರಿ!"

ಪ್ರತಿ ದೀಪಾವಳಿಗೂ ಪೇಂಟು ಬಳಿದು ಕಾಪಾಡಿದ ಗ್ರಿಲ್ಲು. ಅದನ್ನು ಕೊಯ್ಯಬಹುದೆಂಬುದು ನನ್ನ ತಲೆಗೆ ಬಂದೇ ಇರಲಿಲ್ಲ. ಸಂಸಾರಸ್ಥನ ಬುದ್ಧಿ ಗ್ರಿಲ್ಲಿನ ಒಳಗೇ ಬೆಳೆದಿರುತ್ತದೆ.

ಸರಳು ತುಂಡಾಯಿತು. ಆದರೂ ಆ ತಲೆಭಾರ ಹೊತ್ತು ಮೆಟ್ಟಿಲಿಳಿಯುವಂತಿರಲಿಲ್ಲ, ಕೊಂಬೆಗಳನ್ನು ಸವರಲೇಬೇಕು. ಅವಳು ಮತ್ತೆ ಮುಖ ಸಣ್ಣದು ಮಾಡಿದಳು. ಆಗ ಆಪರೇಷನ್ನಿನ ಯಜಮಾನನೇ ಲುಂಗಿ ಬಿಗಿದುಕೊಂಡು ಎದುರು ಮನೆಯಿಂದ ಬಂದ.

"ಕಟಿಂಗ್ ಮಾಡಿಸ್ಕೊಂಡು ಯಾರರೆ ಸತ್ತಾರೇನು? ಬುಡ ಇರತೈತಿ, ನೂಲೂ ಇರತೈತಿ. ಕಾಕಾ, ನೀವು ಕೊಯ್ರಿ, ನಾ ಹಿಡಕೋತೀನಿ."

ಹಲಸಿನಹಣ್ಣು ಬಿಡಿಸುವವರ ಹಾಗೆ ನನ್ನ ಹೆಂಡತಿ ಕತ್ತಿಗೂ ನಮ್ಮ ಕೈಗಳಿಗೂ ತೆಂಗಿನೆಣ್ಣೆ ಸವರಿದಳು. ನೆಲಕ್ಕೆ ಪೇಪರು ಹಾಸಿದಳು. ಕೊಂಬೆ ಕಡಿದಲ್ಲೆಲ್ಲ ಹಾಲು ಅವಸರವಿಲ್ಲದೆ ಉಕ್ಕಿ, ಒಂದು ಕ್ಷಣ ತೂಗಿ, ಪೇಪರಿನ ಮೇಲೆ ಬೀಳುತ್ತಿತ್ತು. ಅವನು ಒಂದೊಂದು ಕೊಂಬೆಯನ್ನೂ ಹಾಲು ನಿಲ್ಲುವವರೆಗೆ ಎತ್ತಿ ಹಿಡಿದು ಆಮೇಲೆ ಕೆಳಗಿಡುತ್ತಿದ್ದ. ಒಂದೊಂದು ಕೊಂಬೆ ಇಳಿದಂತೆಯೂ ಗ್ಯಾಲರಿಯ ಹಸಿರು ಬಸಿದು ಹೋಗಿ, ನಾವು ನಾಲ್ವರೂ ಬರೀ ಬಿಸಿಲಿನಲ್ಲಿ ಕಣ್ಣು ಕಿರಿದಾಗಿಸಿಕೊಂಡು ನಿಂತಿದ್ದೆವು.

ಟೆಂಪೊದಲ್ಲಿ ಮರವನ್ನು ಹಾಸಿಗೆಗಳ ನಡುವೆ ನಿಲ್ಲಿಸಿದೆವು. ಹೊಟ್ಟೆಯಲ್ಲಿ ಕಬ್ಬಿಣ, ಸೊಂಟಕ್ಕೆ ನೂಲು, ತಲೆಯಲ್ಲಿ ನಾಲ್ಕು ಎಲೆ. ಶಿಳ್ ಫಾಟಾ ಕೂಡುರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತಾಗ ಮುಂಬ್ರಾದ ಗುಡ್ಡ ಮಂಜಿನಲ್ಲಿ ತೇಲುತ್ತಿರುವಂತೆ ಕಂಡಿತು. ಗುಡ್ಡ ಹೋಗುತ್ತಿದೆಯೋ ಮರ ಹೋಗುತ್ತಿದೆಯೋ ನನಗೆ ತೂಕಡಿಕೆಯಲ್ಲಿ ತಿಳಿಯಲಿಲ್ಲ.

ಐರೋಲಿಯಲ್ಲಿ ಮರ ಆ ನಾಲ್ಕು ಎಲೆಯನ್ನೂ ಉದುರಿಸಿತು. ಜಾಗ ಬದಲಾದರೆ ಫೈಕಸ್ಸಿಗೆ ಮುನಿಸು. ಅತ್ತ ಠಾಣೆಯ ಆಸ್ಪತ್ರೆಯಿಂದ ದಿನಾ ಫೋನು.

"ಗಿಡ ಹೆಂಗೈತ್ರಿ ಕಾಕು?"

"ಒಳ್ಳೇದುಂಟು. ಚಿಗುರ್ತಾ ಉಂಟು," ಎನ್ನುತ್ತಿದ್ದಳು ನನ್ನ ಹೆಂಡತಿ, ಬೋಳು ಕೋಲನ್ನು ನೋಡುತ್ತ. ಹಾಲಿಗೆ ಒಂದು ಹನಿ ನೀರು ಬೆರೆಸದ ಹೆಂಗಸು!

ಆಪರೇಷನ್ ಸರಿಯಾಗಿ ಆಯಿತು. ಡಾಕ್ಟರು ಓಡಾಡಬಹುದೆಂದ ಮೇಲೆ ಗಂಡಹೆಂಡತಿ ಮೊದಲು ಬಂದದ್ದು ನಮ್ಮಲ್ಲಿಗೆ. ನನ್ನ ಹೆಂಡತಿ ಗಡಿಬಿಡಿಯಲ್ಲಿ ಮರದ ಮೇಲೆ ಒದ್ದೆ ಸೀರೆ ಹರವಿ, ಮುಗ್ಧವಾಗಿ ಚಹಾಕ್ಕಿಟ್ಟಳು. ವಿಜಯಪುರದಾಕೆ ನೇರ ಗ್ಯಾಲರಿಗೆ ಹೋಗಿ ಸೀರೆ ಎತ್ತಿದಳು.

"ನಂಗ ಗೊತ್ತಿತ್ರಿ ಕಾಕು. ಹೊಸಾ ಜಾಗಾದಾಗ ಎಲಿ ಉದರ್ತಾವಂತ ನರ್ಸ್ ಬಾಯಿ ಹೇಳಿದ್ರು, ಅವರ ಮನ್ಯಾಗೂ ಇದಽ ಗಿಡ ಐತಂತ. ಆದ್ರೂ ದಿನಾ ನಿಮ್ಮ ಬಾಯಿಂದ ಕೇಳಬೇಕು ಅನಸ್ತಿತ್ತು."

ನನ್ನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. ವಿಜಯಪುರದಾಕೆ ನೂಲಿನ ಸ್ವಲ್ಪ ಮೇಲೆ ತೊಗಟೆಯನ್ನು ಉಗುರಿನಿಂದ ಕೆರೆದಳು. ಒಳಗೆ ಹಸಿರಿತ್ತು. ನಾವು ನೋಡುತ್ತಿದ್ದಂತೆ ಅಲ್ಲಿ ಸಾಸಿವೆಯಷ್ಟು ಹಾಲು ಮೂಡಿತು. ಅವಳು ಉಸಿರು ಬಿಟ್ಟು ಗಂಡನ ಕಡೆ ತಿರುಗಿದಳು.

ಅವನು ಅಂಗಿಯ ಗುಂಡಿಯನ್ನು ಭದ್ರವಾಗಿ ಹಿಡಿದುಕೊಂಡು ಹಿಂದೆ ಸರಿದ.

"ನನ್ನ ಕೆರದು ನೋಡಬ್ಯಾಡ ಮತ್ತ."