ಜರ್ಮನಿ ಸಾಹೇಬರ ಐದನೇ ಹೋಳಿಗೆ

“ನೀಡಿದ ಹೋಳಿಗಿ ವಾಪಸ್ ತಗೊಳ್ಳಂಗಿಲ್ಲರೀ ನಮ್ಮಲ್ಲಿ. ಮೊದಲ ತಿಂದು ಮುಗಸ್ಲಿ, ಆಮ್ಯಾಲ ಮತ್ತ ನೀಡ್ತೀನಿ!” ಸೊಂಟದ ಮೇಲೆ ಕೈಯಿಟ್ಟು ನಮ್ಮತ್ತೆ ದುಭಾಷಿಗೆ ಹೀಗೆಂದಾಗ ಕ್ಯಾಮೆರಾದವರೆಲ್ಲ ಮುಖಮುಖ ನೋಡಿಕೊಂಡರು.

ಭೂಕಂಪದ ನಂತರ ನಮ್ಮೂರು ಸಾಸ್ತೂರಿನಲ್ಲಿ ಕಟ್ಟಿದ ಹೊಸ ಮನೆಗಳ ಬಗ್ಗೆ ಚಿತ್ರ ತೆಗೆಯಲು ಜರ್ಮನಿಯ ನಿರ್ದೇಶಕರೊಬ್ಬರು ನಮ್ಮ ಮನೆಗೆ ಬಂದಿದ್ದರು. ತಮ್ಮ ದೇಶದಲ್ಲಿ ಮೂವತ್ತು ವರ್ಷ ಸಿನಿಮಾ, ಟಿವಿಯ ಪತ್ತೇದಾರಿ ಧಾರಾವಾಹಿ ಮಾಡಿ ಹೆಸರಾದವರಂತೆ. ಅತ್ತೆ ಊಟ ಬಡಿಸುವ ದೃಶ್ಯಕ್ಕೆ ಅತಿಥಿಯಾಗಿ ತಾವೇ ಕೂತರು. ಒಮ್ಮೆ ಬೆಳಕು ಸಾಲಲಿಲ್ಲ, ಒಮ್ಮೆ ಎಮ್ಮೆ ಕೂಗಿತು, ಎರಡು ಸಲ ನಾನೇ ಕ್ಯಾಮೆರಾಕ್ಕೆ ಅಡ್ಡ ಬಂದೆ. ಪ್ರತಿ ಸಲ ತಾಟು ಖಾಲಿಯಾಗದೆ ಮುಂದಿನ ಟೇಕ್ ಇಲ್ಲ! ತುಪ್ಪ ಸುರಿದ ನಾಲ್ಕು ಹೋಳಿಗೆ ತಿಂದ ನಿರ್ದೇಶಕರು ಐದನೆಯದಕ್ಕೆ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅತ್ತೆಯೂ ನಕ್ಕು, ಅವರ ಕೈ ಸರಿಸಿ ಬಡಿಸಿಯೇಬಿಟ್ಟರು. ಭೂಕಂಪದಲ್ಲಿ ಮಾವ ತೀರಿಕೊಂಡ ಮೇಲೆ ಅತ್ತೆ ನಕ್ಕದ್ದು ಅದೇ ಮೊದಲು.

ಮರುವರ್ಷ ಆ ಚಿತ್ರದ ಕ್ಯಾಸೆಟ್ ಬಂತು. ನಿರ್ದೇಶಕರು ಉಳಿಸಿಕೊಂಡದ್ದು ಆ ಐದನೆಯ ಸಲದ್ದನ್ನೇ; ಹೋಳಿಗೆ ತಾಟಿಗೆ ಬೀಳುತ್ತಲೇ ದೃಶ್ಯ ಮುಗಿಯುತ್ತದೆ. ಕ್ಯಾಸೆಟ್ ಹಾಕಿದಾಗಲೆಲ್ಲ ಅತ್ತೆ ಟಿವಿಯತ್ತ ಬೆರಳು ತೋರಿಸುತ್ತಾರೆ: “ನೋಡ ಬೇ, ಅಂವಾ ಇನ್ನೂ ಅದನ್ನ ತಿಂದು ಮುಗಿಸಿಲ್ಲ!”